ವಾಹಾಕಾದ ಫೊಂಡಾಗಳಲ್ಲಿ ಸಸ್ಯಾಹಾರಿ ಊಟ: ಏನು ಕೇಳಬೇಕು, ಯಾವಾಗ ಕೇಳಬೇಕು

ಮೆಕ್ಸಿಕೋದ ದಕ್ಷಿಣದಲ್ಲಿರುವ ವಾಹಾಕಾಕ್ಕೆ ಹೊರಟ ಸಸ್ಯಾಹಾರಿಗಳು ಸಲಹೆ ಕೇಳಿದರೆ ನಾನು ಹೇಳುವುದು ಒಂದೇ: ದುಬಾರಿ ವೀಗನ್ ರೆಸ್ಟೋರೆಂಟುಗಳನ್ನು ಹುಡುಕಿಕೊಂಡು ಅಲೆಯಬೇಡಿ, ಊರಿನವರು ಉಣ್ಣುವ ಫೊಂಡಾಕ್ಕೆ ಹೋಗಿ. ಹೆಚ್ಚಾಗಿ ಒಂದೇ ಮನೆಯವರು ನಡೆಸುವ ಸಣ್ಣ ಊಟದ ಹೋಟೆಲು ಅದು. ಮಧ್ಯಾಹ್ನದ 'ಕೊಮಿದಾ ಕೊರ್ರಿದಾ'ದಲ್ಲಿ ಸೂಪು, ಅನ್ನ, ಒಂದು ಮುಖ್ಯ ಪದಾರ್ಥ, ಟೋರ್ಟಿಯಾ (ಮೆಕ್ಕೆಜೋಳದ ತೆಳು ರೊಟ್ಟಿ), ಹಣ್ಣಿನ ಪಾನಕ ಎಲ್ಲವೂ ಸೇರಿ ಒಂದೇ ದರ. 100 ಪೆಸೊ ಆಸುಪಾಸಿನಲ್ಲಿ ಹೊಟ್ಟೆ ತುಂಬುತ್ತದೆ.

ಈ ಸೀಮೆಯ ಅಡುಗೆ ನಿಂತಿರುವುದೇ ಮೆಕ್ಕೆಜೋಳ, ಬೀನ್ಸ್ ಕಾಳು, ಕುಂಬಳದ ಮೇಲೆ. ಈ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುವ ಪದ್ಧತಿಗೆ ಮಿಲ್ಪಾ ಎನ್ನುತ್ತಾರೆ. ಹಂದಿ, ಹಸು, ಕೋಳಿಗಳು ಸ್ಪೇನಿನವರ ಹಿಂದೆ 16ನೇ ಶತಮಾನದಲ್ಲಿ ಬಂದವು. ಹಾಗಾಗಿ ಮಾಂಸ ಬಿಟ್ಟವರಿಗೆ ಇಲ್ಲಿ ಊಟ ಸಪ್ಪೆಯಾಗುವುದಿಲ್ಲ.

ತಟ್ಟೆಯಲ್ಲಿ ಕಾಣುವ ಮಾಂಸವನ್ನು ಯಾರಾದರೂ ಬೇಡ ಎನ್ನಬಹುದು. ಕಾಣದೆ ಬರುವುವು ಎರಡು. ಒಂದು ಮಾಂತೇಕಾ, ಅಂದರೆ ಹಂದಿಯ ಕೊಬ್ಬು. ಇನ್ನೊಂದು ಕಾಲ್ದೊ ದೆ ಪೊಯ್ಯೊ, ಕೋಳಿ ಬೇಯಿಸಿದ ನೀರು. ಅರೆದು ಹುರಿದ ಬೀನ್ಸಿನಲ್ಲಿ, ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ತಮಾಲೆಯ ಹಿಟ್ಟಿನಲ್ಲಿ ಮಾಂತೇಕಾ ಇರುವುದೇ ಹೆಚ್ಚು. ಕೆಂಪು ಅನ್ನಕ್ಕೂ ಮೋಲೆ ಎಂಬ ಮೆಣಸಿನಕಾಯಿ-ಮಸಾಲೆಯ ಗಟ್ಟಿ ಸಾರಿಗೂ ಕೋಳಿಯ ನೀರು ಬೀಳುತ್ತದೆ. ಆದ್ದರಿಂದ 'ಸಸ್ಯಾಹಾರಿ ಇದೆಯೇ' ಎಂದು ಕೇಳಿ ಸುಮ್ಮನಾಗಬೇಡಿ. 'ನೊ ಕೊಮೊ ಕಾರ್ನೆ, ನಿ ಪೊಯ್ಯೊ, ನಿ ಪೆಸ್ಕಾದೊ' ಎಂದು ಮಾಂಸ, ಕೋಳಿ, ಮೀನು ಮೂರನ್ನೂ ಹೆಸರು ಹಿಡಿದು ಹೇಳಿ. ಆಮೇಲೆ ಒಂದೊಂದೇ ಪದಾರ್ಥ ತೋರಿಸಿ 'ತಿಯೆನೆ ಮಾಂತೇಕಾ?', 'ತಿಯೆನೆ ಕಾಲ್ದೊ ದೆ ಪೊಯ್ಯೊ?' ಎಂದು ವಿಚಾರಿಸಿ. ಅಡುಗೆಯಾಕೆಯನ್ನು 'ಸೆನ್ಯೋರಾ' ಎಂದು ಕರೆದು, ನಗುಮುಖದಿಂದ ಕೇಳಬೇಕು. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ, ಜನ ಮುಗಿಬೀಳುವ ಮೊದಲೇ ಹೋದರೆ ಆಕೆಗೆ ಉತ್ತರಿಸಲು ಪುರುಸೊತ್ತಿರುತ್ತದೆ, ಪಾತ್ರೆಗಳೂ ತುಂಬಿರುತ್ತವೆ.

ತ್ಲಾಯುದಾ ತಿನ್ನದೆ ಬರಬೇಡಿ. ತಟ್ಟೆಗಿಂತ ಅಗಲದ ಟೋರ್ಟಿಯಾವನ್ನು ಕೊಮಾಲ್ ಎಂಬ ಹಂಚಿನ ಮೇಲೆ ಹಾಕಿದ ಕೂಡಲೇ ಅಡುಗೆಯಾಕೆಯ ಚಮಚ ಪಕ್ಕದ ಬಟ್ಟಲಿಗೆ ಹೋಗುತ್ತದೆ. ಅದರಲ್ಲಿರುವುದು ಕಂದು ಬಣ್ಣದ, ತರಿತರಿಯಾದ ಆಸಿಯೆಂತೊ: ಹಂದಿ ಕೊಬ್ಬು ಕಾಯಿಸಿದಾಗ ತಳದಲ್ಲಿ ಉಳಿಯುವ ಗಷ್ಟು. ಅದನ್ನು ಸವರಿದ ಮೇಲೆಯೇ ಬೀನ್ಸ್, ಎಲೆಕೋಸು, ಎಳೆಎಳೆಯಾಗಿ ಬಿಡಿಸಿದ ಕೆಸಿಯೊ ಚೀಸ್. ಚಮಚ ಎತ್ತುವ ಮುಂಚೆಯೇ 'ಸಿನ್ ಆಸಿಯೆಂತೊ' ಎನ್ನಬೇಕು. ಮೇಲೆ ಬೀನ್ಸ್ ಬಿದ್ದರೆ ಯಾರ ಕಣ್ಣಿಗೂ ಅದು ಕಾಣದು. ಮೆಮೆಲಾ ಎಂಬ ಸಣ್ಣ, ದಪ್ಪ ಮೆಕ್ಕೆಜೋಳದ ರೊಟ್ಟಿಗೂ ಇದೇ ಮಾತು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸೋಪಾ ದೆ ಗೀಯಾಸ್. ಕುಂಬಳದ ಬಳ್ಳಿಯ ಎಳೆ ಕುಡಿ, ಹೂವು, ಎಳೆಗಾಯಿ, ಚೆಪಿಲ್ ಸೊಪ್ಪು ಹಾಕಿ ಕುದಿಸಿದ ತಿಳಿಸಾರು. ಒಂದೇ ಬಳ್ಳಿಯ ಇಷ್ಟೆಲ್ಲ ಭಾಗಗಳನ್ನು ಒಂದು ಬಟ್ಟಲಿನಲ್ಲಿ ಉಣಬಡಿಸುವ ಅಡುಗೆಗೆ ನಾನು ಮನಸೋತಿದ್ದೇನೆ. ಅದರಲ್ಲಿ ತೇಲುವ ಚೊಚೊಯೊತೆ ಎಂಬ ಹಿಟ್ಟಿನ ಉಂಡೆಗಳಿಗೆ ಕೊಬ್ಬು ಕಲಸಿರಬಹುದು, ಕೇಳಿಕೊಳ್ಳಿ. ಕುಂಬಳ ಹೂವಿನ ಕೆಸಾದಿಯಾ (ಚೀಸ್ ಇಟ್ಟು ಮಡಚಿದ ಟೋರ್ಟಿಯಾ), ಆವಕಾಡೊ ಎಲೆಯ ಸೋಂಪಿನಂಥ ಘಮವಿರುವ ಎನ್ಫ್ರಿಹೊಲಾದಾಸ್ (ಬೀನ್ಸ್ ಸಾರಿನಲ್ಲಿ ಅದ್ದಿದ ಟೋರ್ಟಿಯಾ), ಪಾಪಸುಕಳ್ಳಿಯ ನೊಪಾಲೆಸ್ ಪಲ್ಯಗಳೂ ಒಳ್ಳೆಯ ಆಯ್ಕೆ. ಚಿಲೆ ರೆಯೆನೊ 'ದೆ ಕೆಸೊ' ಎಂದರೆ ಚೀಸ್ ತುಂಬಿದ ಮೆಣಸಿನಕಾಯಿ. ಹೊರಗೆ ಮೊಟ್ಟೆಯ ಲೇಪವಿರುತ್ತದೆ. ಕಟ್ಟುನಿಟ್ಟಿನವರು ಚೀಸಿಗೆ ಪ್ರಾಣಿಜನ್ಯ ಹೆಪ್ಪು ಬಳಸಿರಬಹುದೆಂಬುದನ್ನೂ ನೆನಪಿಡಬೇಕು.

ಕೀಟಗಳ ವಿಷಯ ಬೇರೆಯೇ. ಚಾಪುಲಿನೆಸ್ ಎಂದರೆ ಹುರಿದ ಮಿಡತೆ, ಗ್ವಾಕಮೋಲೆ ಎಂಬ ಆವಕಾಡೊ ಚಟ್ನಿಯ ಮೇಲೂ ಉದುರಿಸುತ್ತಾರೆ. ಕಿತ್ತಳೆ ಹೋಳಿನ ಜೊತೆಗಿನ ಕೆಂಪು ಉಪ್ಪು 'ಸಾಲ್ ದೆ ಗುಸಾನೊ' ಆಗಿದ್ದರೆ ಅದರಲ್ಲಿ ಹುಳುವಿನ ಪುಡಿ ಇರುತ್ತದೆ. ಚಿಕಾತಾನಾ ಸಾಲ್ಸಾ ಎಂಬ ಚಟ್ನಿ ಇರುವೆಯದು.

ಈಸ್ಟರ್ ಮುಂಚಿನ ಉಪವಾಸದ ಕಾಲದ ಶುಕ್ರವಾರಗಳಲ್ಲಿ ಮೆನು ಹಲಗೆಯ ಮೇಲೆ ಮಾಂಸವಿಲ್ಲದ ಅಡುಗೆ ಹೆಚ್ಚು, ಆದರೆ ಸಿಗಡಿಯೂ ಹೆಚ್ಚು. ಆಲೂಗಡ್ಡೆಯ ತೊರ್ತೀತಾಸ್ (ಹುರಿದ ಬಿಲ್ಲೆಗಳು) ಕೇಳಿ. ಸಿಹಿಗೆ ಹೆಲಾತೀನಾ ಕೊಟ್ಟರೆ ಬೇಡ ಎನ್ನಿ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್‌ನ ಜೆಲ್ಲಿ. ಬದಲಿಗೆ ಮಾರುಕಟ್ಟೆಯಲ್ಲಿ ತೆಹಾತೆ ಕುಡಿಯಿರಿ: ಮೆಕ್ಕೆಜೋಳ, ಕೋಕೋ, ಮಮೇ ಹಣ್ಣಿನ ಬೀಜ ಅರೆದು ನೀರಿನಲ್ಲಿ ಕದಡಿ ನೊರೆ ಎಬ್ಬಿಸಿದ ಪಾನೀಯ, ಹಾಲು ಸೇರಿಸುವುದಿಲ್ಲ. ಕಿಸೆಯಲ್ಲಿ ಚಿಲ್ಲರೆ ನೋಟುಗಳಿರಲಿ. ಬಹಳಷ್ಟು ಕಡೆ ನಗದೇ ನಡೆಯುವುದು. ಬಿಲ್ಲಿನ ಶೇಕಡಾ 10ರಷ್ಟು ಟಿಪ್ಸ್ ಇಡುವುದು ರೂಢಿ.