ಕ್ಯಾಲಿಫೋರ್ನಿಯಾಕ್ಕೆ ಹೊರಟವರಿಗೆ: ಕಾರಿನ ವಿಮೆ ಎಷ್ಟಕ್ಕೆ ಮಾಡಿಸಬೇಕು?

ಕಾಫಿ ಕೊಯ್ಲಿನ ದಿನಗಳಲ್ಲಿ ನಾನು ಸಕಲೇಶಪುರದ ಮನೆಗೆ ಬಂದಾಗಲೆಲ್ಲ ಹಾಸನ, ಬೇಲೂರು, ಮೂಡಿಗೆರೆ ಕಡೆಯ ತಂದೆ ತಾಯಂದಿರು ಅಮೆರಿಕಕ್ಕೆ ಹೊರಟು ನಿಂತ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ವೀಸಾ, ಚಳಿಗೆ ಬಟ್ಟೆ, ಬಾಡಿಗೆ ಮನೆ, ಎಲ್ಲವನ್ನೂ ಕೇಳುತ್ತಾರೆ. ಕಾರಿನ ವಿಮೆಯ ವಿಚಾರವನ್ನು ನಾನೇ ಎತ್ತಬೇಕು. ಎತ್ತಿದರೆ, ‘ಥರ್ಡ್ ಪಾರ್ಟಿ ಮಾಡಿಸಿದರೆ ಸಾಕಲ್ಲವೇ?’ ಎನ್ನುತ್ತಾರೆ. ಸಾಲದು. ಈ ನಂಬಿಕೆಯನ್ನು ಊರಿನಿಂದ ಹೊತ್ತು ತಂದ ನಮ್ಮವರು ಅಲ್ಲಿ ಪಟ್ಟ ಪಾಡನ್ನು ಕಣ್ಣಾರೆ ಕಂಡಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಊರಿನಲ್ಲಿ ಆ ನಂಬಿಕೆ ಸರಿಯೇ. 1988ರ ಮೋಟಾರು ವಾಹನ ಕಾಯ್ದೆ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿದೆ, ಅದರ ಪ್ರೀಮಿಯಂ ಸರ್ಕಾರ ಗೊತ್ತುಪಡಿಸಿದ್ದು. ನಿಮ್ಮ ಕಾರಿಗೆ ಸಿಕ್ಕಿ ಯಾರಾದರೂ ಸತ್ತರೆ ಅಥವಾ ಗಾಯಗೊಂಡರೆ, ನಿಮ್ಮ ಲೈಸೆನ್ಸು, ಪಾಲಿಸಿ ಸರಿಯಾಗಿದ್ದಲ್ಲಿ, ನ್ಯಾಯಮಂಡಳಿ ಹತ್ತು ಲಕ್ಷ ಎನ್ನಲಿ, ಕೋಟಿ ಎನ್ನಲಿ, ವಿಮಾ ಕಂಪನಿ ಕಟ್ಟಿಕೊಡಬೇಕು. ಆಸ್ತಿ ನಷ್ಟಕ್ಕೆ ಮಾತ್ರ 7.5 ಲಕ್ಷ ರೂಪಾಯಿಯ ಮಿತಿ. ಹೀಗಾಗಿ ‘ಎಷ್ಟಕ್ಕೆ’ ಎಂದು ಯೋಚಿಸುವ ಪ್ರಸಂಗವೇ ನಮಗೆ ಬಂದಿರುವುದಿಲ್ಲ. ಅಮೆರಿಕದಲ್ಲಿ ಆ ಮೊತ್ತವನ್ನು ನೀವೇ ಬರೆಸಬೇಕು. ಬರೆಸಿದಷ್ಟನ್ನು ಕಂಪನಿ ಕೊಡುತ್ತದೆ, ಅದಕ್ಕೆ ಮೇಲ್ಪಟ್ಟದ್ದು ನಿಮ್ಮ ತಲೆಯ ಮೇಲೆ.

ಪಾಲಿಸಿಯಲ್ಲಿ 30/60/15 ಎಂದು ಬರೆದಿರುತ್ತದೆ. ಗಾಯಗೊಂಡ ಒಬ್ಬರಿಗೆ ಹೆಚ್ಚೆಂದರೆ 30,000 ಡಾಲರ್, ಒಂದು ಅಪಘಾತದಲ್ಲಿ ಗಾಯಗೊಂಡ ಎಲ್ಲರಿಗೂ ಸೇರಿ 60,000, ಕಾರು, ಗೋಡೆ ಮುಂತಾದ ಆಸ್ತಿಗೆ 15,000. 2025ರ ಜನವರಿ 1ರಿಂದ ಇದು ಕ್ಯಾಲಿಫೋರ್ನಿಯಾದ ಕನಿಷ್ಠ. ಅದಕ್ಕೆ ಮೊದಲು 1967ರಿಂದಲೂ ಇದ್ದದ್ದು 15/30/5. ಅಲ್ಲಿ ಹೊಸ ಕಾರಿನ ಸರಾಸರಿ ಬೆಲೆ 45,000 ಡಾಲರ್ ದಾಟಿದೆ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿ ಕೆಲವು ದಿನ ಆಸ್ಪತ್ರೆಯಲ್ಲಿದ್ದರೆ 30,000 ಕಣ್ಣೆದುರೇ ಕರಗಿಹೋಗುತ್ತದೆ. ಕಾನೂನಿನ ಕನಿಷ್ಠ ನಿಮ್ಮನ್ನು ದಂಡದಿಂದ ಉಳಿಸುತ್ತದೆ, ಅಷ್ಟೇ.

ನಾನು ಎಲ್ಲರಿಗೂ ಹೇಳುವುದು 100/300/100ಕ್ಕಿಂತ ಕೆಳಗೆ ಇಳಿಯಬೇಡಿ ಎಂದು. ಮನೆ ಕೊಂಡಿದ್ದರೆ, ಉಳಿತಾಯ ಬೆಳೆದಿದ್ದರೆ 250/500/100 ಮಾಡಿಸಿ, ಅದರ ಮೇಲೆ ಹತ್ತು ಲಕ್ಷ ಡಾಲರಿನ ಅಂಬ್ರೆಲ್ಲಾ ಪಾಲಿಸಿ (ಕಾರಿನ ವಿಮೆಯ ಮೊತ್ತ ಮುಗಿದ ಮೇಲೆ ಕೊಡುವ ಹೆಚ್ಚುವರಿ ವಿಮೆ) ತೆಗೆದುಕೊಳ್ಳಿ. ಮೊತ್ತ ಮೂರು ಪಟ್ಟಾದರೆ ಪ್ರೀಮಿಯಂ ಮೂರು ಪಟ್ಟಾಗುವುದಿಲ್ಲ: ಸಣ್ಣ ಡಿಕ್ಕಿಗಳು ದಿನಬೆಳಗಾದರೆ ಆಗುತ್ತವೆ, ದೊಡ್ಡವು ಅಪರೂಪ, ಆದ್ದರಿಂದ ಮೇಲಿನ ಮೊತ್ತ ಅಗ್ಗ. ಹಣ ಉಳಿಸಲೇಬೇಕಾದರೆ ನಿಮ್ಮ ಹಳೆಯ ಕಾರಿನ ಸ್ವಂತ ಡ್ಯಾಮೇಜಿನ ವಿಮೆ ಬಿಡಿ, ಇಲ್ಲವೇ ಡಿಡಕ್ಟಿಬಲ್, ಅಂದರೆ ರಿಪೇರಿಯಲ್ಲಿ ಮೊದಲು ನೀವೇ ಭರಿಸುವ ಪಾಲು, ಏರಿಸಿ. ಮೂರು ಸಾವಿರ ಡಾಲರಿನ ಕಾರನ್ನು ಕಾಪಾಡಿಕೊಂಡು ಮನುಷ್ಯನ ಮೈಗೆ ಕನಿಷ್ಠ ಬರೆಸುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

‘ನನ್ನ ಆಸ್ತಿಯೆಲ್ಲ ಊರಿನಲ್ಲಿದೆ, ತೋಟ ಅಪ್ಪನ ಹೆಸರಿನಲ್ಲಿದೆ, ನನ್ನಿಂದ ಏನು ಕಿತ್ತುಕೊಳ್ಳುತ್ತಾರೆ?’ ಎಂದು ವಾದಿಸುವವರಿದ್ದಾರೆ. ನಿಮ್ಮ ಸಂಬಳ ಅಲ್ಲಿಯೇ ಇದೆಯಲ್ಲ. ಕೋರ್ಟಿನ ತೀರ್ಪು ಬಂದರೆ ಫೆಡರಲ್ ಕಾನೂನಿನ ಪ್ರಕಾರ ಕೈಗೆ ಬರುವ ಸಂಬಳದ ಕಾಲು ಭಾಗದವರೆಗೆ ಹಿಡಿಯಬಹುದು, ಕ್ಯಾಲಿಫೋರ್ನಿಯಾದಲ್ಲಿ ಐದನೇ ಒಂದು ಭಾಗ. ತೀರ್ಪು ಹತ್ತು ವರ್ಷ ಜಾರಿಯಲ್ಲಿರುತ್ತದೆ, ನವೀಕರಿಸಲೂಬಹುದು. ಹಿಡಿಯಲು ಏನೂ ಇಲ್ಲದಿದ್ದರೂ, ನಿಮ್ಮಿಂದ ನಡೆಯಲಾರದೆ ಹೋದವರಿಗೆ ಆಸ್ಪತ್ರೆಯ ಬಿಲ್ಲು ಉಳಿದೇ ಇರುತ್ತದೆ. ನನ್ನ ಮಟ್ಟಿಗೆ ಮೊತ್ತವನ್ನು ನಿರ್ಧರಿಸುವಾಗ ಮೊದಲು ನೆನೆಯಬೇಕಾದವರು ಅವರು.



ತಂದೆ ತಾಯಿಯನ್ನು ಕರೆಸಿಕೊಳ್ಳುವ ಮೊದಲು ಪಾಲಿಸಿಯ ಇನ್ನೊಂದು ಸಾಲನ್ನು ನೋಡಿ: ವಿಮೆ ಇಲ್ಲದವರು ಅಥವಾ ಕಡಿಮೆ ವಿಮೆ ಇರುವವರು ನಿಮಗೆ ಗುದ್ದಿದರೆ ನಿಮ್ಮದೇ ಕಂಪನಿ ಕೊಡುವ ರಕ್ಷಣೆ. ನಿಮ್ಮ ಕಾರಿನಲ್ಲಿ ಕುಳಿತ ಅಮ್ಮನಿಗೂ ಅದು ಅನ್ವಯಿಸುತ್ತದೆ. ಚಿಕ್ಕಮಗಳೂರಿನಿಂದ ಬಂದ ಅಮ್ಮನಿಗೆ ಅಲ್ಲಿನ ಆರೋಗ್ಯ ವಿಮೆ ಇರುವುದಿಲ್ಲ, ಪ್ರಯಾಣ ವಿಮೆಯ ಮೊತ್ತ ಬೇಗ ಮುಗಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಈ ರಕ್ಷಣೆ ಬೇಡವೆನ್ನಲು ಲಿಖಿತವಾಗಿ ಒಪ್ಪಬೇಕು. ಆ ಕಾಗದಕ್ಕೆ ಸಹಿ ಹಾಕಬೇಡಿ.

ಚಾರ್ಮಾಡಿಯ ತಿರುವಿನಲ್ಲಿ ಎರಡು ಕಾರು ಉಜ್ಜಿಕೊಂಡರೆ ಹಿಂದಿನ ಬಸ್ಸಿನವರೆಲ್ಲ ಇಳಿದು ಬರುತ್ತಾರೆ. ಅವರಲ್ಲೊಬ್ಬರು ನಿಮ್ಮ ಮಾವನ ಪರಿಚಯದವರಾಗಿರುತ್ತಾರೆ, ಜಗಳ ಕೊಟ್ಟಿಗೆಹಾರದ ಹೋಟೆಲಿನಲ್ಲಿ ಕಾಫಿಯೊಂದಿಗೆ ಮುಗಿಯುವುದೂ ಉಂಟು. ಅಮೆರಿಕದಲ್ಲಿ ವಿಮೆಯ ವಿವರ ಕೊಟ್ಟು ತೆಗೆದುಕೊಂಡು ಹೊರಡುತ್ತೀರಿ, ಆಮೇಲೆ ಬರುವುದು ವಕೀಲರ ಪತ್ರ. ಗಾಯಗೊಂಡವರನ್ನು ಆಸ್ಪತ್ರೆಯಲ್ಲಿ ಕಂಡು ಕ್ಷಮೆ ಕೇಳೋಣವೆಂದರೂ, ತಪ್ಪೊಪ್ಪಿಕೊಳ್ಳಬೇಡಿ ಎಂದು ಕಂಪನಿ ತಡೆಯುತ್ತದೆ. ಇಷ್ಟು ವರ್ಷವಾದರೂ ನನಗೆ ಇದು ಒಗ್ಗಿಲ್ಲ. ಅಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಇದರಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ, ಅದೂ ನನ್ನನ್ನು ನೋಯಿಸುತ್ತದೆ. ಅವರು ಹದಿನಾರಕ್ಕೇ ಲೈಸೆನ್ಸು ಪಡೆಯುತ್ತಾರೆ. ಆ ವರ್ಷ ಪ್ರೀಮಿಯಂ ಜಿಗಿಯುತ್ತದೆ, ಮೊತ್ತ ಇಳಿಸುವ ಆಸೆ ಬರುತ್ತದೆ. ಏರಿಸಬೇಕಾದ ವರ್ಷವೇ ಅದು.

ಕೊನೆಗೆ ಎರವಲು ಕಾರಿನ ವಿಷಯ. ಹೊಸದಾಗಿ ಬಂದವರಿಗೆ ನಮ್ಮ ಕಡೆಯವರು ಕಾರಿನ ಕೀಲಿಯನ್ನೇ ಕೈಗಿಡುತ್ತಾರೆ. ಆ ಔದಾರ್ಯ ಎಂದೂ ತಪ್ಪದಿರಲಿ. ಆದರೆ ವಿಮೆ ಸಾಮಾನ್ಯವಾಗಿ ಕಾರಿನ ಜೊತೆ ಹೋಗುತ್ತದೆ: ನೀವು ಗುದ್ದಿದರೆ ಮೊದಲು ಖರ್ಚಾಗುವುದು ಮಾಲೀಕರ ಪಾಲಿಸಿ. ಕೆಲವು ಪಾಲಿಸಿಗಳಲ್ಲಿ ಹೊರಗಿನವರು ಓಡಿಸುವಾಗ ಮೊತ್ತ ರಾಜ್ಯದ ಕನಿಷ್ಠಕ್ಕೆ ಇಳಿದುಬಿಡುತ್ತದೆ. ಕೀಲಿ ತೆಗೆದುಕೊಳ್ಳುವಾಗ ‘ಅಣ್ಣಾ, ನಾನು ಓಡಿಸಿದರೆ ಎಷ್ಟಕ್ಕೆ ವಿಮೆ ಇರುತ್ತದೆ?’ ಎಂದು ಕೇಳಿ. ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಅವರಿಗೆ ಗೊತ್ತಿಲ್ಲದಿದ್ದರೆ ಇಬ್ಬರೂ ಕುಳಿತು ಕಂಪನಿಗೆ ಫೋನ್ ಮಾಡಿ, ಆಮೇಲೆ ಹೊರಡಿ.