ಬುಧನ ಬಾಲಕ್ಕೂ ಒಂದು ಹಂಗಾಮು ಇದೆ

ಗಂಗಾವತಿಯಲ್ಲಿ ನನ್ನದು ಫೋಟೋ ಸ್ಟುಡಿಯೋ. ಮದುವೆಗೆ ಒಯ್ಯುವ ಕ್ಯಾಮೆರಾ, 135 ಎಂಎಂ ಲೆನ್ಸಿನಲ್ಲೇ ಬುಧ ಗ್ರಹದ ಸೋಡಿಯಂ ಬಾಲ ಹಿಡಿಯುತ್ತೇನೆ. ಇದಕ್ಕೆಂದೇ ಕೊಂಡದ್ದು ನಕ್ಷತ್ರಗಳ ಜೊತೆ ತಿರುಗುವ ಟ್ರ್ಯಾಕರ್ ಮತ್ತು 589 ನ್ಯಾನೋಮೀಟರಿನ ಹಳದಿ ಬೆಳಕನ್ನಷ್ಟೇ ಬಿಡುವ ಫಿಲ್ಟರ್.

"ಗಾಳಿನೇ ಇಲ್ಲದ ಗ್ರಹಕ್ಕ ಬಾಲ ಎಲ್ಲಿಂದ ಬಂತಣ್ಣ?" ಅಂತ ಸ್ಟುಡಿಯೋ ಹುಡುಗ ಕೇಳಿದ. ಗಾಳಿ ಅನ್ನುವಷ್ಟು ಇಲ್ಲ, ನಿಜ. ಬಿಸಿಲು, ಸೌರಮಾರುತ, ಬಂದು ಬಡಿಯುವ ಉಲ್ಕೆಯ ಪುಡಿ ಇವೆಲ್ಲ ನೆಲದಿಂದ ಎಬ್ಬಿಸಿದ ಪರಮಾಣುಗಳು ಒಂದಕ್ಕೊಂದು ತಾಗದಷ್ಟು ವಿರಳವಾಗಿರುತ್ತವೆ. ಅದರಲ್ಲಿ ಸೋಡಿಯಂ ಇದೆಯೆಂದು 1985ರಲ್ಲಿ ಭೂಮಿಯಿಂದಲೇ ಪತ್ತೆಯಾಯಿತು. ಆ ಸೋಡಿಯಮ್ಮನ್ನು ಸೂರ್ಯನ ಬೆಳಕು ಹಿಂದಕ್ಕೆ ತಳ್ಳುತ್ತದೆ, ಅದೇ ಬಾಲ.

ಬುಧ ಸಂಜೆ ಎತ್ತರದಲ್ಲಿ ಕಂಡಿತೆಂದು ಬಾಲವೂ ಸಿಗುತ್ತದೆ ಅಂತಿಲ್ಲ. ಸೂರ್ಯನ ಬೆಳಕಿನಲ್ಲಿ ಸೋಡಿಯಂ ಹೀರಿ ಹೊಳೆಯುವ ಆ ಹಳದಿ ಬಣ್ಣದ ಜಾಗದಲ್ಲೇ ಒಂದು ಕಪ್ಪು ಗೆರೆ ಇದೆ. ಸೂರ್ಯನ ಮೇಲಿನ ಸೋಡಿಯಮ್ಮೇ ಅಷ್ಟು ಬೆಳಕು ನುಂಗಿರುತ್ತದೆ. ಬುಧ ಸೂರ್ಯನಿಗೆ ಅತಿ ಹತ್ತಿರ (4.6 ಕೋಟಿ ಕಿ.ಮೀ.) ಅಥವಾ ಅತಿ ದೂರ (7 ಕೋಟಿ ಕಿ.ಮೀ.) ಇದ್ದಾಗ ಸೂರ್ಯನತ್ತ ಬರುವುದೂ ಇಲ್ಲ, ದೂರ ಸರಿಯುವುದೂ ಇಲ್ಲ. ಆಗ ಪರಮಾಣುಗಳ ಪಾಲಿಗೆ ಬರುವುದು ಆ ಗೆರೆಯ ಮಬ್ಬು ಬೆಳಕೇ. ಬಾಲ ಸೊರಗುತ್ತದೆ. ನಡುವಿನ ದಿನಗಳಲ್ಲಿ ಸೆಕೆಂಡಿಗೆ 10 ಕಿ.ಮೀ.ವರೆಗಿನ ವೇಗದಲ್ಲಿ ಸರಿಯುವಾಗ ಡಾಪ್ಲರ್ ಪರಿಣಾಮದಿಂದ (ಓಡುವವರಿಗೆ ಬೆಳಕಿನ ಬಣ್ಣ ತುಸು ಸರಿದು ಕಾಣುವುದು) ಅವು ಗೆರೆಯಿಂದ ಈಚೆ ಬಂದು ಧಾರಾಳ ಬೆಳಕು ಪಡೆಯುತ್ತವೆ. ಹತ್ತಿರದ ಬಿಂದುವಿನಿಂದ ಸುಮಾರು 16 ದಿನ ಹಿಂದೆ ಅಥವಾ ಮುಂದೆ ಬಾಲ ಚೆನ್ನಾಗಿ ಹೊಳೆಯುತ್ತದೆ. ಬುಧನ ವರ್ಷ 88 ದಿನ, ಪ್ರತಿ ವರ್ಷ ಇದೇ ಕಥೆ. 2011ರಿಂದ 2015ರವರೆಗೆ ಬುಧನನ್ನು ಸುತ್ತಿದ ಮೆಸೆಂಜರ್ ನೌಕೆಗೂ ಸೋಡಿಯಂ ವರ್ಷವರ್ಷ ಅದೇ ಲಯದಲ್ಲಿ ಏರಿಳಿಯುವುದು ಕಂಡಿತ್ತು. ಹಾಗಾಗಿ ನಾನು ಮೊದಲು ನೋಡುವುದು ಮೋಡದ ಮುನ್ಸೂಚನೆಯನ್ನಲ್ಲ, ಈ ಲೆಕ್ಕವನ್ನು.

ಜಾಗ ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರು, ಪಡುವಣ ಬಯಲಾಗಿದೆ. ಗಿಣಿಗೇರಿ ಕಾರ್ಖಾನೆಗಳ ಬೆಳಕಿಗೆ ಬೆನ್ನು ಹಾಕಿ ನಿಲ್ಲಬೇಕು. ಹಳೆಯ ಸೋಡಿಯಂ ಬೀದಿದೀಪ ಹತ್ತಿರವಿದ್ದರೆ ಕೆಲಸ ಕೆಟ್ಟಿತು, ಫಿಲ್ಟರ್ ಅದನ್ನೂ ಒಳಗೆ ಬಿಡುತ್ತದೆ. (ಎಲ್‌ಇಡಿ ದೀಪಕ್ಕೆ ಬೈಯುವ ಆಕಾಶಪ್ರಿಯರ ನಡುವೆ ನಾನೊಬ್ಬ ಅದರ ಪರ.) ಏಪ್ರಿಲ್‌ನ ಧೂಳಿಗಿಂತ ಒಂದು ಮಳೆ ಬಿದ್ದ ಮರುಸಂಜೆ ವಾಸಿ.

ಫಿಲ್ಟರ್ ಹಾಕಿ ಅರ್ಧರ್ಧ ನಿಮಿಷದ ಸಾಕಷ್ಟು ಫ್ರೇಮ್ ತೆಗೆದು ಒಂದರ ಮೇಲೊಂದು ಕೂಡಿಸುತ್ತೇನೆ. ಆಮೇಲೆ ಫಿಲ್ಟರ್ ಬಿಚ್ಚಿ ಅದೇ ಚೌಕಟ್ಟಿನಲ್ಲಿ ಮತ್ತೊಂದಿಷ್ಟು. ಫಿಲ್ಟರ್ ಇಲ್ಲದ ಚಿತ್ರದಲ್ಲೂ ಬಾಲ ಅಷ್ಟೇ ಸ್ಪಷ್ಟವಾಗಿ ಕಂಡರೆ ಅದು ತೆಳುಮೋಡ, ಇಲ್ಲವೇ ಲೆನ್ಸಿನ ಮೇಲಿನ ಇಬ್ಬನಿ.