ಹಳೆಯ ಯುದ್ಧ ಒಪ್ಪಂದ ಒಂದು ಘಟನೆಗೆ ಅನ್ವಯಿಸುತ್ತಿತ್ತೇ? ಪತ್ತೆ ಮಾಡುವ ಕ್ರಮ

'ಊರಿಗೆ ಬೆಂಕಿ ಹಚ್ಚಿದರು, 1907ರ ಹೇಗ್ ಒಪ್ಪಂದದ 50ನೇ ವಿಧಿ ಉಲ್ಲಂಘನೆಯಾಯಿತು.' ಮೊದಲ ಮಹಾಯುದ್ಧದ ಬಗ್ಗೆ ಇಂಥ ವಾಕ್ಯಗಳು ಹೇರಳವಾಗಿ ಸಿಗುತ್ತವೆ. ವಿಧಿಯನ್ನು ಸರಿಯಾಗಿಯೇ ಓದಿರುತ್ತಾರೆ. ಆ ದಿನ, ಆ ಯುದ್ಧದಲ್ಲಿ, ಆ ಒಪ್ಪಂದ ಜಾರಿಯಲ್ಲಿತ್ತೇ ಎಂದು ಮಾತ್ರ ನೋಡಿರುವುದಿಲ್ಲ. ಅದಕ್ಕೆ ಉತ್ತರ ಒಪ್ಪಂದದ ಕೊನೆಯ ವಿಧಿಗಳಲ್ಲೂ ಸಹಿ-ಅನುಮೋದನೆಗಳ ಪಟ್ಟಿಯಲ್ಲೂ ಇರುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡಬೇಕು.

ಅದಕ್ಕೂ ಮೊದಲು, ಕೈಯಲ್ಲಿರುವುದು ಒಪ್ಪಂದವೇ ಎಂದು ಖಚಿತಪಡಿಸಿಕೊಳ್ಳಿ. 1863ರ ಲೀಬರ್ ಸಂಹಿತೆಗೆ 157 ವಿಧಿಗಳಿವೆ, ಆದರೆ ಅದು ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಕೇಂದ್ರ ಸರ್ಕಾರ ತನ್ನ ಸೇನೆಗೆ ಹೊರಡಿಸಿದ ಆದೇಶ. 1874ರ ಬ್ರಸೆಲ್ಸ್ ಘೋಷಣೆಯನ್ನು ಯಾರೂ ಅನುಮೋದಿಸಲಿಲ್ಲ. 1880ರ ಆಕ್ಸ್‌ಫರ್ಡ್ ಕೈಪಿಡಿ ವಿದ್ವಾಂಸರ ಕೆಲಸ. ಗಾಯಾಳು ಸೈನಿಕರಿಗೆ ಜಿನೀವಾ ಒಪ್ಪಂದ ಕೊಟ್ಟ ರಕ್ಷಣೆಯನ್ನು ಸಮುದ್ರಕ್ಕೂ ಚಾಚಲು 1868ರಲ್ಲಿ ಬರೆದ ಹೆಚ್ಚುವರಿ ವಿಧಿಗಳು ಜಾರಿಗೇ ಬರಲಿಲ್ಲ. ಹೇಗ್ ನಿಯಮಗಳ ಬೇರು ಹುಡುಕುವವರಿಗೆ ಇವೆಲ್ಲ ಬೇಕು. ಒಂದು ದೇಶ ಒಪ್ಪಂದ ಮುರಿಯಿತು ಎನ್ನಲು ಇವು ಆಧಾರವಾಗುವುದಿಲ್ಲ.

ನಂತರ ತಾರೀಖು. ಸಹಿ ಹಾಕಿದ ದಿನ, ಅನುಮೋದಿಸಿದ ದಿನ, ಜಾರಿಗೆ ಬಂದ ದಿನ ಬೇರೆ ಬೇರೆ. ಭೂಯುದ್ಧದ ನಿಯಮಗಳಿರುವ ನಾಲ್ಕನೇ ಹೇಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1907ರ ಅಕ್ಟೋಬರ್ 18ರಂದು. ಆಮೇಲೆ ಅನುಮೋದಿಸಿದ ದೇಶವೊಂದಕ್ಕೆ ಅದು ಅನ್ವಯಿಸಲು ಇನ್ನೂ 60 ದಿನ ಕಾಯಬೇಕು. ಹೊರಬರುತ್ತೇನೆಂದರೆ ಒಂದು ವರ್ಷ ಕಾಯಬೇಕು. 1864ರ ಆಗಸ್ಟ್ 22ರ ಜಿನೀವಾ ಒಪ್ಪಂದಕ್ಕೆ ಮೊದಲು ಸಹಿ ಹಾಕಿದ್ದು 12 ದೇಶಗಳು; ಅಮೆರಿಕ ಅದಕ್ಕೆ ಸೇರಿದ್ದು 1882ರಲ್ಲಿ. ಪ್ರತಿ ದೇಶಕ್ಕೂ ಒಂದು ಸಾಲು ಹಾಕಿ ಮೂರೂ ತಾರೀಖು ಬರೆದಿಟ್ಟುಕೊಂಡರೆ ಮುಂದಿನ ಕೆಲಸ ಸಲೀಸು.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ನಾಲ್ಕನೇ ಹೇಗ್ ಒಪ್ಪಂದದ 2ನೇ ವಿಧಿಯ ಪ್ರಕಾರ, ಯುದ್ಧದಲ್ಲಿರುವ ಎಲ್ಲ ದೇಶಗಳೂ ಒಪ್ಪಂದದಲ್ಲಿದ್ದರೆ ಮಾತ್ರ ಅದು ಅನ್ವಯ. ಹೊರಗಿನ ಒಂದೇ ಒಂದು ದೇಶ ಯುದ್ಧಕ್ಕಿಳಿದರೂ ಉಳಿದವರ ನಡುವೆ ಸಹ ಬಂಧನ ಸಡಿಲುತ್ತದೆ. 1906ರ ಜಿನೀವಾ ಒಪ್ಪಂದದ 24ನೇ ವಿಧಿಯೂ ಹೀಗೆಯೇ. 1864ರದ್ದರಲ್ಲಿ ಈ ಷರತ್ತು ಇಲ್ಲ. 1914ರಲ್ಲಿ ಸರ್ಬಿಯಾ, ಮಾಂಟೆನೆಗ್ರೊ ಸಹಿ ಮಾಡಿದ್ದವು, ಅನುಮೋದಿಸಿರಲಿಲ್ಲ. ಅಂದರೆ ಅಕ್ಷರಶಃ ನೋಡಿದರೆ 1907ರ ನಾಲ್ಕನೇ ಒಪ್ಪಂದ ಆ ಯುದ್ಧಕ್ಕೆ ಅನ್ವಯಿಸುವುದಿಲ್ಲ.

ಇಲ್ಲಿಗೇ ಕೈಚೆಲ್ಲಬೇಡಿ, 4ನೇ ವಿಧಿ ಓದಿ. ಹೊಸದನ್ನು ಅನುಮೋದಿಸದವರ ನಡುವೆ ಭೂಯುದ್ಧದ ಬಗ್ಗೆಯೇ ಇದ್ದ ಹಿಂದಿನ, 1899ರ ಹೇಗ್ ಒಪ್ಪಂದ ಮುಂದುವರಿಯುತ್ತದೆ ಎಂದು ಅದು ಹೇಳುತ್ತದೆ. ಬೆಲ್ಜಿಯಂನ ಲೂವೆನ್ ನಗರವನ್ನೇ ತೆಗೆದುಕೊಳ್ಳಿ. 1914ರ ಆಗಸ್ಟ್ 25ರ ರಾತ್ರಿ ಜರ್ಮನ್ ಪಡೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬೆಂಕಿ ಇಟ್ಟಾಗ ಯುದ್ಧದಲ್ಲಿದ್ದ ದೇಶಗಳೆಲ್ಲ, ಸರ್ಬಿಯಾ ಮತ್ತು ಮಾಂಟೆನೆಗ್ರೊ ಸೇರಿ, 1899ರದ್ದನ್ನು ಅನುಮೋದಿಸಿದ್ದವು. ಕೆಲವರ ಕೃತ್ಯಕ್ಕೆ ಇಡೀ ಜನರನ್ನು ದಂಡಿಸಬಾರದು ಎಂಬ 50ನೇ ವಿಧಿ, ವಿದ್ಯೆ-ಕಲೆಯ ಸಂಸ್ಥೆಗಳನ್ನು ನಾಶಮಾಡಬಾರದು ಎಂಬ 56ನೇ ವಿಧಿ ಎರಡೂ ಅದರಲ್ಲಿ ಅದೇ ಸಂಖ್ಯೆಯಲ್ಲಿವೆ. ಆರೋಪ ನಿಲ್ಲುತ್ತದೆ, ಉಲ್ಲೇಖಿಸಬೇಕಾದ ವರ್ಷ ಮಾತ್ರ ಬೇರೆ.

ದೇಶಗಳು ಸಹಿಯ ಜೊತೆಗೆ ಸೇರಿಸಿದ ಹೊರತುಗಳನ್ನೂ ನೋಡಿ. ಆಕ್ರಮಿತ ಪ್ರದೇಶದ ಜನರಿಂದ ಎದುರು ಸೇನೆಯ ಮಾಹಿತಿಯನ್ನು ಬಲವಂತವಾಗಿ ಪಡೆಯಬಾರದು ಎಂಬ 1907ರ 44ನೇ ವಿಧಿಯನ್ನು ಜರ್ಮನಿ, ಆಸ್ಟ್ರಿಯಾ-ಹಂಗೇರಿ, ರಷ್ಯಾ, ಜಪಾನ್, ಮಾಂಟೆನೆಗ್ರೊ ಒಪ್ಪಲಿಲ್ಲ.

ಇನ್ನು ವಿಧಿಯ ಒಳಗೆ ಬರಬಹುದು. ನಾಲ್ಕನೇ ಒಪ್ಪಂದದ ಮೈಯಲ್ಲಿ ಇರುವುದು 9 ವಿಧಿ. ನಿಯಮಗಳಿರುವುದು 56 ವಿಧಿಗಳ ಅನುಬಂಧದಲ್ಲಿ. ಬರೀ '3ನೇ ವಿಧಿ' ಎಂದು ಬರೆದರೆ ಓದುವವನಿಗೆ ಗೊಂದಲ: ಒಪ್ಪಂದದ 3ನೇ ವಿಧಿ ಪರಿಹಾರ ಕೊಡುವ ಹೊಣೆಯ ಬಗ್ಗೆ, ಅನುಬಂಧದ 3ನೇ ವಿಧಿ ಸೇನೆಯೊಳಗಿದ್ದೂ ಹೋರಾಡದವರ ಬಗ್ಗೆ. ಎರಡನೆಯದು ಊರ ಜನರಿಗೆ ಸಂಬಂಧಿಸಿದ್ದಲ್ಲ, ಸೆರೆಸಿಕ್ಕರೆ ಯುದ್ಧಕೈದಿಗಳಾಗುವವರಿಗೆ ಸಂಬಂಧಿಸಿದ್ದು. ಊರ ಜನರಿಗಾಗಿ ಅನುಬಂಧದ 25ರಿಂದ 28 ಮತ್ತು 42ರಿಂದ 56 ಓದಿ. 1864ರ ಜಿನೀವಾ ಒಪ್ಪಂದದಲ್ಲಿ ಅವರಿಗೆ ಸಿಗುವುದು 5ನೇ ವಿಧಿಯೊಂದೇ: ಗಾಯಾಳುಗಳಿಗೆ ನೆರವಾದವರನ್ನು ಮುಟ್ಟಬಾರದು, ಗಾಯಾಳು ಇರುವ ಮನೆಯಲ್ಲಿ ಸೈನಿಕರನ್ನು ಬಿಡಾರ ಹೂಡಿಸಬಾರದು. ಅದಕ್ಕಿಂತ ಧಾರಾಳವಾದದ್ದು ಇನ್ನೂ ಹಳೆಯದಾದ, 1785ರ ಪ್ರಷ್ಯಾ-ಅಮೆರಿಕ ಒಪ್ಪಂದ. ಅದರ 23ನೇ ವಿಧಿ ಹೆಂಗಸರು, ಮಕ್ಕಳು, ವಿದ್ವಾಂಸರು, ರೈತರು, ಕುಶಲಕರ್ಮಿಗಳು, ಮೀನುಗಾರರನ್ನು ಹೆಸರಿಸಿ ಕಾಪಾಡುತ್ತದೆ. ಎದುರು ದೇಶದಲ್ಲಿರುವ ವ್ಯಾಪಾರಿಗಳಿಗೆ ಸಾಲ ವಸೂಲಿಗೆ 9 ತಿಂಗಳು ಕೊಡುತ್ತದೆ. ಆದರೆ ಅದು ಆ ಎರಡು ದೇಶಗಳ ನಡುವಿನ ಮಾತು.

ಓದುವಾಗ ಸಣ್ಣ ಪದಗಳನ್ನು ಹಾರಿಸಬೇಡಿ. ಅನುಬಂಧದ 25ನೇ ವಿಧಿ ಬಾಂಬು-ಗುಂಡಿನ ದಾಳಿಯಿಂದ ಕಾಯುವುದು ರಕ್ಷಣಾಪಡೆ ಇಲ್ಲದ ಊರನ್ನು ಮಾತ್ರ. 'ಯಾವುದೇ ಸಾಧನದಿಂದ' ಎಂಬುದು 1907ರಲ್ಲಿ ಸೇರಿದ್ದು, ಆಕಾಶದಿಂದ ಬೀಳುವ ಬಾಂಬನ್ನು ಮನಸ್ಸಿನಲ್ಲಿಟ್ಟು. 26ನೇ ವಿಧಿ ಗುಂಡಿನ ಮಳೆಗೆ ಮೊದಲು ಮುನ್ಸೂಚನೆ ಕೇಳುತ್ತದೆ, ನೇರ ದಾಳಿಯ ಹೊತ್ತಿಗೆ ವಿನಾಯಿತಿ ಕೊಡುತ್ತದೆ. 27ನೇ ವಿಧಿ ಆಸ್ಪತ್ರೆ, ಪೂಜಾಸ್ಥಳಗಳನ್ನು 'ಸಾಧ್ಯವಾದಷ್ಟು' ಉಳಿಸಿ ಎನ್ನುತ್ತದೆ. ಹಡಗಿನಿಂದ ಗುಂಡು ಹಾರಿಸಿದ್ದರೆ ಪುಸ್ತಕವೇ ಬೇರೆ, ಅದು ಒಂಬತ್ತನೇ ಹೇಗ್ ಒಪ್ಪಂದ. 1914ರ ಡಿಸೆಂಬರ್ 16ರಂದು ಜರ್ಮನ್ ನೌಕಾಪಡೆ ಒಂದೇ ಬೆಳಿಗ್ಗೆ ಹೊಡೆದ ಇಂಗ್ಲೆಂಡಿನ ಊರುಗಳಲ್ಲಿ ಹಾರ್ಟ್ಲ್‌ಪೂಲ್‌ನಲ್ಲಿ ಕರಾವಳಿ ಫಿರಂಗಿಗಳಿದ್ದವು, ಸ್ಕಾರ್ಬರೋದಲ್ಲಿ ಇರಲಿಲ್ಲ. ಎರಡನ್ನೂ ಒಂದೇ ಅಳತೆಯಲ್ಲಿ ತೂಗಲಾಗದು. ಸಂಶಯ ಬಂದರೆ ಫ್ರೆಂಚ್ ಪಠ್ಯ ನೋಡಿ, ಅಧಿಕೃತವಾದದ್ದು ಅದೇ.

ಎಲ್ಲ ನೋಡಿದರೂ ಒಪ್ಪಂದ ಅನ್ವಯಿಸಲಿಲ್ಲವೇ? ಪೀಠಿಕೆಯಲ್ಲಿರುವ ಮಾರ್ಟೆನ್ಸ್ ಷರತ್ತು ಉಳಿದಿದೆ: ನಿಯಮ ಬರೆಯದ ಕಡೆಯೂ ಜನರು ರೂಢಿ, ಮಾನವೀಯತೆ, ಸಾರ್ವಜನಿಕ ಆತ್ಮಸಾಕ್ಷಿಯ ರಕ್ಷಣೆಯಲ್ಲಿರುತ್ತಾರೆ. ಇದನ್ನು ಆಧಾರವಾಗಿ ಬಳಸುವುದಾದರೆ ಆ ಕಾಲದ ರೂಢಿಯನ್ನು ಬೇರೆಯಾಗಿ ತೋರಿಸಬೇಕು. ನಾಜಿ ನಾಯಕರನ್ನು ವಿಚಾರಿಸಿದ ನ್ಯೂರೆಂಬರ್ಗ್ ನ್ಯಾಯಮಂಡಳಿ 1946ರಲ್ಲಿ ಹೇಗ್ ನಿಯಮಗಳು ಸಹಿ ಹಾಕದವರಿಗೂ ಅನ್ವಯ ಎಂದಿತು ನಿಜ. ಅದು ಹೇಳಿದ್ದು 1939ರ ಹೊತ್ತಿನ ಸ್ಥಿತಿಯನ್ನು. ಆ ತೀರ್ಪನ್ನು ಎಳೆದು ತಂದು 1914ಕ್ಕೆ ಹಚ್ಚಬೇಡಿ.